ಹಲಸಿಯಲ್ಲೊಂದು ದಿನ

ಬೇಸಗೆ ಬಂದಿತೆಂದರೆ ಮಕ್ಕಳಿಗೆ ನೀರಾಟದ ಹಂಬಲ. ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ವಿಹಾರೋದ್ಯಾನದ ಅಲೆಗೊಳದ ಮಾತೇ ನಮ್ಮ ಮನೆಯಲ್ಲಿ ಮೂರು ಹೊತ್ತೂ. ಬೆಳಗಾವಿಯಿಂದ ಅದು ಸುಮಾರು 500 ಕಿಲೋಮೀಟರು. ಎಂಬತ್ತು ದಾಟಿದ ಅಜ್ಜಿಯನ್ನು ಬಿಟ್ಟು ಹೋಗಲು ನಮಗೆ ಮನಸ್ಸೊಪ್ಪಲಿಲ್ಲ. ಆದುದರಿಂದ ಬುತ್ತಿ ಕಟ್ಟಿಕೊಂಡು ಖಾನಾಪುರ ತಾಲೂಕಿನ ಹಲಸಿಗೆ ಹೊರಟೆವು. ದಾರಿಯ ನಂದಗಡದಲ್ಲಿ, 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈಮುಗಿದೆವು.

ಹಲಸಿಯೇ ಹಿಂದಿನ ಪಲಾಶಿಕೆ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿ. ಅವರ ತಾಮ್ರಶಾಸನಗಳು ದೊರೆತುದೂ ಇಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರ ಕಾಲಕ್ಕೆ ಸೇರಿದ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿವೆ. ನಡುವಣ ತಂಪು ಮಂಟಪದಲ್ಲಿ ಕುಳಿತೆವು.

“ಇಲ್ಲಿ ನೀರೆಲ್ಲೈತಿ ಅಜ್ಜಿ?” ಎಂದು ಕಿರಿಯವನು ಮುನಿದನು.

“ಈ ವರಾಹಸ್ವಾಮಿ ಭೂಮಿತಾಯೀನ ಎಲ್ಲಿಂದ ಎತ್ತಿ ತಂದಾನ, ಗೊತ್ತೇನು? ನೀರಾಗಿಂದನಽ!” ಎಂದು ಅಜ್ಜಿ ಕಥೆ ತೊಡಗಿದರು. ಮುನಿಸು ಕರಗಿತು, ಬುತ್ತಿಯೂ ಮುಗಿಯಿತು.

ಬಿಡದಿಗೂ ಒಮ್ಮೆ ಕರೆದೊಯ್ಯುವೆವೆಂದು ಮಾತು ಕೊಟ್ಟಿದ್ದೇವೆ. “ಅಜ್ಜೀನೂ ಬರಬೇಕು” ಎಂದು ಮಕ್ಕಳೇ ಈಗ ಹಟ ಹಿಡಿದಿದ್ದಾರೆ. ಅಂದಿನ ಪ್ರವಾಸದಿಂದ ನಮಗಾದ ಲಾಭವಿದೇ.