ಪಾರ್ಕಿನ ಗುಂಗಾಡ ಎಲ್ಲಿಂದ ಬಂತು?

ಈ ಬ್ಯಾಸಗ್ಯಾಗ ನಮ್ಮ ಪಾರ್ಕಿನ ಬೆಂಚು ಖಾಲಿ ಬಿದ್ದಾವ. ಬೆಂಗಳೂರಿನ ಪಾರ್ಕು ಅಂದ್ರ ಲಾಲ್‌ಬಾಗ್ ಅಲ್ಲ ಮತ್ತ, ನಮ್ಮ ಓಣಿ ತುದಿಗೆ ಇರೋ ಸಣ್ಣದು. ಒಂದು ಹೊಂಗೆ ಗಿಡ, ಎರಡು ಗುಲ್‌ಮೊಹರ್, ಸುತ್ತ ದಾಸವಾಳದ ಬೇಲಿ, ಹುಡುಗೂರಿಗೆ ಜೋಕಾಲಿ. ಸಂಜಿ ಐದೂವರಿಯಿಂದ ಆರೂವರಿ ತನಕ ಅದು ನಮ್ಮದು. ರಾತ್ರಿಗೆ ಕುಕ್ಕರ್ ಇಡೋಕಿಂತ ಮೊದಲು, ಆ ಒಂದು ತಾಸಿನಾಗ ಯಾರೂ ನಮ್ಮನ್ನ ಏನೂ ಕೇಳೂದಿಲ್ಲ. ಬಾಜೂ ಮನಿ ಅಜ್ಜಿ ಎಂಬತ್ತು ದಾಟ್ಯಾರ, ಅವರು ಹೊಸ್ತಿಲಾ ದಾಟೋದು ಆ ಹೊತ್ತಿನಾಗ ಅಷ್ಟ. ಈಗ ಅವರೂ ಬರೂದು ಬಿಟ್ಟಾರ. ಸೀರಿ ನಿರಗಿ ಎತ್ತಿ ಕಾಲು ತೋರಿಸಿದ್ರು, ಹಿಮ್ಮಡಿಯಿಂದ ಮೀನಖಂಡದ ತನಕ ಗಾದರಿ ಎದ್ದಾವ.

ಹೋದ ತಿಂಗಳ ಓಣ್ಯಾಗ ಒಂದು ಕೂಸಿಗೆ ಡೆಂಗಿ ಬಂತು. ಆರು ದಿನ ದವಾಖಾನ್ಯಾಗಿದ್ದು ಬಂತು, ಈಗ ಆರಾಮ ಅದ. ಆದ್ರ ಅವತ್ತಿನಿಂದ ಎಲ್ಲಾರ ಸಿಟ್ಟು ಪಾರ್ಕಿನ ಮ್ಯಾಲೆ. "ಬೇಲಿ ಪೂರಾ ಕಡದು ಸಿಮೆಂಟ್ ಹಾಕಿಸೋಣ, ವಾರಾ ವಾರಾ ಹೊಗಿ ಹೊಡಸೋಣ" ಅಂತ ಓಣಿ ಮೀಟಿಂಗಿನಾಗ ಠರಾವ್ ಆಗೂದಿತ್ತು. ಅದಕ್ಕ ಅಡ್ಡ ಬಂದಾಕಿ ನಾನು. ಯಾಕ ಅಡ್ಡ ಬಂದೆ ಅಂತ ನಮ್ಮ ವೈನಿ ಫೋನ್ ಮಾಡಿ ಕೇಳಿದ್ರು, ಎಲ್ಲಾರಿಗೂ ಒಮ್ಮೆ ಹೇಳಿಬಿಡ್ತೇನಿ.

ನಮ್ಮ ಧಾರವಾಡ ಕಡೆ ಎಲ್ಲಾಕ್ಕೂ ಗುಂಗಾಡ ಅಂತೇವಿ, ಇಲ್ಲಿಯವರು ಸೊಳ್ಳೆ ಅಂತಾರ. ಆದ್ರ ರಾತ್ರಿ ಕಿವ್ಯಾಗ ಗುಂಯ್ ಅನ್ನೋದು ಬ್ಯಾರೆ, ಹಗಲಿ ಕಡಿಯೋದು ಬ್ಯಾರೆ. ರಾತ್ರಿದು ಕ್ಯೂಲೆಕ್ಸ್, ಗಟಾರದ ಹೊಲಸು ನೀರಿನಾಗ ಹುಟ್ಟತದ. ಹಗಲಿಂದು ಏಡಿಸ್. ಕರಿ ಮೈ, ಕಾಲಿಗೆ ಬಿಳಿ ಪಟ್ಟಿ. ಸಪ್ಪಳಿಲ್ಲದ ಬಂದು ಬೆಂಚಿನ ಕೆಳಗಿಂದ ಕಾಲಿಗೆ ಹತ್ತತದ. ಮುಂಜಾನೆ ಬಿಸಿಲೇರೋ ಹೊತ್ತು, ಆಮ್ಯಾಲೆ ಸಂಜಿ ಹೊತ್ತು ಮುಳುಗೋಕಿಂತ ಮೊದಲು, ಇವೆರಡು ಅದರ ಊಟದ ಹೊತ್ತು. ಅಂದ್ರ ನಮ್ಮ ಪಾರ್ಕಿನ ಹೊತ್ತು. ಡೆಂಗಿ ತರೋದೂ ಇದ. ಕಡಿಯೋದು ಹೆಣ್ಣು ಮಾತ್ರ, ತತ್ತಿಗೆ ರಕ್ತ ಬೇಕು ಅದಕ್ಕ. ಗಂಡು ಹೂವಿನ ರಸ ಕುಡಕೊಂಡು ಆರಾಮ ಇರ್ತದ. ಇದನ್ನ ಕೇಳಿ ನಮ್ಮನಿಯವರು ಏನಂದಿರಬೇಕು, ನೀವ ತಿಳಕೋರಿ.

ಈ ಏಡಿಸ್ ಭಾಳ ದೂರ ಹಾರೋ ಜಾತಿ ಅಲ್ಲ. ಹುಟ್ಟಿದ ಜಾಗಾದ ಸುತ್ತ ನೂರಿನ್ನೂರು ಮೀಟರಿನಾಗ ಅದರ ಸಂಸಾರ ನಡೀತದ. ದಾಸವಾಳದ ಬೇಲ್ಯಾಗ ನೆಳ್ಳಿಗೆ ಕೂಡ್ತದ ಖರೆ, ಆದ್ರ ಎಲಿ ಮ್ಯಾಲೆ ಹುಟ್ಟೂದಿಲ್ಲ. ಅದಕ್ಕ ನಿಂತ ನೀರು ಬೇಕು, ಅದೂ ಸ್ವಚ್ಛ ನೀರು. ಹಂಗಾರ ಹುಟ್ಟೋದೆಲ್ಲಿ? ನಾವು ಮೂರು ಮಂದಿ ಹೆಂಗಸರು ಒಂದು ಶುಕ್ರವಾರ ಟಾರ್ಚ್ ತಗೊಂಡು ಓಣಿಯ ಹದಿನಾಲ್ಕು ಮನಿ ಅಡ್ಡಾಡಿದ್ವಿ. ಒಂಬತ್ತು ಮನ್ಯಾಗ ಹುಳ ಸಿಕ್ಕವು, ಕೊಂಕಿ ಕೊಂಕಿ ಈಸೋವು. ಪಾಟಿನ ಕೆಳಗಿನ ಬಶ್ಯಾಗ. ಫ್ರಿಜ್ಜಿನ ಹಿಂದಿನ ಟ್ರೇದಾಗ. ಮನಿಪ್ಲಾಂಟ್ ಹಚ್ಚಿದ ಬಾಟಲಿಯಾಗ. 2024ರ ಬ್ಯಾಸಗ್ಯಾಗ ಬೋರ್ ಬತ್ತಿ ನೀರಿನ ಕಷ್ಟ ಬಂದಿತ್ತಲ್ಲ, ಆವಾಗ ತಂದ ಡ್ರಮ್ಮು ಇನ್ನೂ ಬಾಲ್ಕನ್ಯಾಗ ಅವ, ಅರ್ಧಕ್ಕ ಮುಚ್ಚಳಿಲ್ಲ. ಎಲ್ಲಾಕ್ಕಿಂತ ಕಸಿವಿಸಿ ಆಗಿದ್ದು ಗುಬ್ಬಿಗೆ ನೀರಿಟ್ಟ ಮಣ್ಣಿನ ಬಟ್ಟಲ ನೋಡಿ. ಪುಣ್ಯದ ಕೆಲಸ, ಬ್ಯಾಡ ಅನ್ನಲಿಕ್ಕೆ ಬಾಯಿ ಬರೂದಿಲ್ಲ. ಇಡ್ರಿ, ಆದ್ರ ದಿನಾ ಚೆಲ್ಲಿ ತಿಕ್ಕಿ ಹೊಸ ನೀರು ಹಾಕ್ರಿ.

ತಿಕ್ಕೋದು ಯಾಕ ಅಂದ್ರ, ಏಡಿಸ್ ತತ್ತಿ ಇಡೋದು ನೀರಿನ ಮ್ಯಾಲಲ್ಲ, ನೀರಿನ ಅಂಚಿಗೆ ಹಸಿ ಇರೋ ಗ್ವಾಡಿಗೆ. ನೀರು ಚೆಲ್ಲಿದ್ರ ಹುಳ ಸಾಯ್ತಾವ, ತತ್ತಿ ಅಂಟಿಕೊಂಡ ಇರ್ತಾವ. ಒಣಗಿದ್ರೂ ತಿಂಗಳಗಟ್ಟಲೆ ಬದಕತಾವ. ಏಪ್ರಿಲ್‌ನಾಗ ಒಂದು ಅಡ್ಡಮಳಿ ಬಿತ್ತು ಅಂದ್ರ ಎಲ್ಲಾ ಕೂಡೇ ಒಡೀತಾವ, ಈ ಧಗಿಗೆ ಎಂಟು ಹತ್ತು ದಿನದಾಗ ರೆಕ್ಕಿ ಬರ್ತದ. ಅದಕ್ಕ ವಾರಕ್ಕೊಮ್ಮೆ ತೆಂಗಿನ ನಾರು ತಗೊಂಡು ಒಳಗಿನ ಅಂಚು ಗಸಗಸ ತಿಕ್ಕಬೇಕು. ಭಾಂಡೆ ತಿಕ್ಕಿದವರಿಗೆ ಇದೇನು ಹೊಸಾದಲ್ಲ.

ಇದನ್ನ ಮೊದಲ ಕಂಡವರೂ ಇದ ಊರಾಗ ಇದ್ರು ನೋಡ್ರಿ. ಮಲೇರಿಯಾ ಗುಂಗಾಡದಿಂದ ಬರ್ತದ ಅಂತ ಮುಂದ ತೋರಿಸಿ 1902ರಾಗ ನೊಬೆಲ್ ತಗೊಂಡ ರೊನಾಲ್ಡ್ ರಾಸ್, 1883ರಾಗ ಬೆಂಗಳೂರಿನ ದಂಡಿನ ಡಾಕ್ಟರ್ ಆಗಿದ್ದ. ತನ್ನ ಮನ್ಯಾಗ ಇಷ್ಟು ಗುಂಗಾಡ ಯಾಕ ಅಂತ ಹುಡುಕಿದಾಗ ಕಿಡಕಿ ಹೊರಗ ಒಂದು ನೀರಿನ ಪೀಪಾಯಿ ಸಿಕ್ತು. ಅದನ್ನ ಉರುಳಿಸಿದ, ಕಾಟ ಕಡಿಮಿ ಆತು. ಉಳಿದ ಕಡೆನೂ ಹಿಂಗ ಮಾಡೋಣ ಅಂದ್ರ ಮ್ಯಾಲಿನ ಅಧಿಕಾರಿ ಒಪ್ಪಲಿಲ್ಲಂತ. ಓಣಿ ಮೀಟಿಂಗಿನಾಗ ಈ ಕಥಿ ಹೇಳಿದೆ, ಒಂದಿಬ್ಬರು ಕೆಮ್ಮಿದ್ರು.

ಹೊಗಿ ಸುದ್ದಿನೂ ಹೇಳೇನಿ. ಹೊಗಿ ಹಾರೋ ಗುಂಗಾಡಕ್ಕಷ್ಟ, ಬಶ್ಯಾಗಿನ ಹುಳಕ್ಕ ಅದು ತಟ್ಟೂದ ಇಲ್ಲ. ಹೊಗಿ ಹೊಡದ ಎರಡು ದಿನ ಮನಸ್ಸಿಗೆ ಸಮಾಧಾನ, ವಾರದಾಗ ಹೊಸ ಪೀಳಿಗಿ ತಯಾರ. ಬೇಲಿ ಕಡದ್ರ ನೆಳ್ಳು ಹೋಗೋದಷ್ಟ ಬಂತು. ಆಮ್ಯಾಲೆ ಮೇ ತಿಂಗಳಾಗ ಆ ಸಿಮೆಂಟಿನ ಮ್ಯಾಲೆ ಯಾರು ಕೂಡವರು? ಪಾರ್ಕಿನಾಗ ಖರೇ ದೋಷ ಒಂದ ಇತ್ತು. ಹುಡುಗೂರ ಆಟಕ್ಕ ಬಣ್ಣಾ ಹಚ್ಚಿ ಅರ್ಧಾ ಹುಗದ ಹಳೀ ಟೈರು. ಆರು ಟೈರಿನಾಗ ಮಳಿ ನೀರು, ಆರರಾಗೂ ಹುಳ. ಮಾಲಿ ಕಡೆಯಿಂದ ಅವಕ್ಕ ಮಣ್ಣು ತುಂಬಿಸಿ ಗರಿಕಿ ಹಚ್ಚಿಸಿದ್ವಿ. ಠರಾವ್ ಸದ್ಯಕ್ಕ ನಿಂತದ, ಎರಡು ತಿಂಗಳ ನೋಡೋಣ ಅಂದಾರ.

ಆ ತನಕ ಕಾಲು ಕಾಯಬೇಕಲ್ಲ. ಕರಿ ಬಣ್ಣ ಏಡಿಸ್‌ಗೆ ಭಾಳ ಪ್ರೀತಿ, ತಿಳಿ ಬಣ್ಣದ ಅರಬಿ ಉಡ್ರಿ. ಸೀರಿ ಒಳಗ ಕಾಲಚೀಲ ಹಾಕ್ಕೊಂಡ್ರ ನಗಾಡವರು ನಗಾಡ್ಲಿ. ಹಚ್ಚಿಕೊಳ್ಳೋ ಕ್ರೀಮ್ ತಗೊಳ್ಳೋದಾದ್ರ ಡೀಟ್ ಅಥವಾ ಪಿಕಾರಿಡಿನ್ ಅಂತ ಬರದದ್ದು ನೋಡಿ ತಗೋರಿ. ಹುಡುಗೂರಿಗೆ ನೀವ ಹಚ್ಚರಿ, ಅಂಗೈಗೆ, ಕಣ್ಣಿನ ಸುತ್ತ ಬ್ಯಾಡ, ಮನಿಗೆ ಬಂದ ಕೂಡಲೆ ತೊಳೀರಿ. ಸಿಟ್ರೊನೆಲಾ ಗಿಡ ಪಾಟಿನಾಗ ಇಟ್ರ ಗುಂಗಾಡ ಹತ್ರ ಬರೂದಿಲ್ಲ ಅಂತ ನರ್ಸರಿಯವರು ಮಾರತಾರ, ಗಿಡ ಸುಮ್ಮನ ನಿಂತ್ರ ಏನೂ ಆಗೂದಿಲ್ಲ. ಬಾಲ್ಕನ್ಯಾಗ ಕೂಡವರಿಗೆ ಟೇಬಲ್ ಫ್ಯಾನ್ ವಾಸಿ, ಗಾಳಿಗೆ ಅದರ ರೆಕ್ಕಿ ನಿಲ್ಲೂದಿಲ್ಲ. ಜ್ವರ ಬಂದ್ರ ಮಾತ್ರ ಮನಿ ಔಷಧದಾಗ ದಿನಾ ಕಳೀಬ್ಯಾಡ್ರಿ. ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬ್ಯಾಡ್ರಿ, ಡೆಂಗಿ ಇದ್ರ ರಕ್ತಸ್ರಾವಕ್ಕ ದಾರಿ ಅದು. ಡಾಕ್ಟರ್ ಹತ್ರ ಹೋಗಿ ರಕ್ತ ತೋರಿಸ್ರಿ.

ಈಗ ಶುಕ್ರವಾರ ದೇವರ ಸಾಮಾನು ತಿಕ್ಕೋವಾಗ ಬಶಿನೂ ತಿಕ್ಕೋದು ಅಂತ ಮಾತಾಗೇದ. ಹೋದ ವಾರ ಅಡ್ಡಾಡಿದಾಗ ಎರಡ ಮನ್ಯಾಗ ಹುಳ ಇದ್ವು. ಒಬ್ಬಾಕಿ ಮಾರಿ ಗಂಟು ಹಾಕಿದ್ಲು, ಅಕೀಗೆ ಸರಕಾರದ ದಂಡದ ಸುದ್ದಿ ಹೇಳಬೇಕಾತು. 2024ರಾಗ ತಂದ ನಿಯಮದಾಗ ಪಟ್ಟಣದ ಮನಿಗೆ ₹400, ಖಾಲಿ ಜಾಗಾಕ್ಕ ₹2000. ನಮಗ ಉಳಿದ ತಲಿಬ್ಯಾನಿ ಆ ಖಾಲಿ ಜಾಗಾನ. ಪಾರ್ಕಿಗೆ ಹತ್ತಿ ಇರೋ ಸೈಟಿನಾಗ ಎಳನೀರಿನ ಬುರುಡಿ ಗುಡ್ಡಿ ಬಿದ್ದದ, ಮಾಲಕರು ಪರದೇಶದಾಗ ಇದ್ದಾರಂತ. ಅವರ ನಂಬರ್ ಹುಡುಕಲಿಕತ್ತೇವಿ.