ಆಟದ ಪೇಟೆಯಲ್ಲಿ ಒಂದು ಮಧ್ಯಾಹ್ನ

ಟೋಕಿಯೋ ನಗರಕ್ಕೆ ಹೋಗಿ ಬಂದವರು ಅಲ್ಲಿಯ ದೇವಾಲಯಗಳನ್ನೂ ಉದ್ಯಾನಗಳನ್ನೂ ಕುರಿತು ಬರೆಯುವುದು ವಾಡಿಕೆ. ನಾನೂ ಅವನ್ನೆಲ್ಲ ನೋಡಿದೆನು. ಆದರೆ ಊರಿಗೆ ಮರಳಿದ ಮೇಲೂ ಮನಸ್ಸಿನಲ್ಲಿ ಮಾಸದೆ ಉಳಿದುದು ಅಕಿಹಬಾರ ಎಂಬ ಪೇಟೆಯಲ್ಲಿ ಕಳೆದ ಒಂದು ಮಧ್ಯಾಹ್ನ. ಅಲ್ಲಿ ಮಾರುವುದು ವಿದ್ಯುತ್ ಸಾಮಾನು, ಬೊಂಬೆ ಮತ್ತು ವಿಡಿಯೋ ಆಟ. ಅರುವತ್ತು ಸಮೀಪಿಸಿದವನಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವೇನೂ ಇರಲಿಲ್ಲ, ಆ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಹಟಹಿಡಿದು ಕರೆದೊಯ್ದನು.

ಪೇಟೆಯ ಹೆಸರಿಗೆ ಮೂಲ ಬೆಂಕಿ. 1869ರಲ್ಲಿ ಆ ಭಾಗವು ಸುಟ್ಟು ಬಯಲಾಗಲು, ಮರುವರ್ಷ ಅಗ್ನಿಭಯವನ್ನು ಕಳೆಯುವ ಸಲುವಾಗಿ ಅಲ್ಲಿ ಒಂದು ಗುಡಿಯನ್ನು ಕಟ್ಟಿದರು. ಜನರು ಅಲ್ಲಿಯ ದೇವತೆಯನ್ನು ಅಕಿಬ ಎಂದು ಬಗೆದರು, ಬಯಲು ಅಕಿಹಬಾರವಾಯಿತು. ಗುಡಿ ಈಗ ಅಲ್ಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಬೀದಿಬದಿಯಲ್ಲಿ ರೇಡಿಯೋ ಬಿಡಿಭಾಗಗಳನ್ನು ಮಾರುತ್ತಿದ್ದವರು ರೈಲುಹಳಿಗಳ ಅಡಿಯಲ್ಲಿ ಪುಟ್ಟ ಮಳಿಗೆಗಳನ್ನು ಹಿಡಿದರು. ಅಂಥವು ಕೆಲವು ಇನ್ನೂ ಇರುವುವು. ಒಬ್ಬನು ಕುಳಿತರೆ ಇನ್ನೊಬ್ಬನಿಗೆ ಸ್ಥಳವಿಲ್ಲ. ಸುತ್ತಲೂ ಡಬ್ಬಿಗಳಲ್ಲಿ ಸ್ವಿಚ್ಚು, ತಂತಿ, ಬಲ್ಬು. ನನಗೆ ನಮ್ಮ ಚಿಕ್ಕಪೇಟೆಯ ಗುಂಡಿ ದಾರದ ಅಂಗಡಿಗಳ ನೆನಪು ಬಂದಿತು. ರೇಡಿಯೋ ಹಿಂದೆ ಟೆಲಿವಿಷನ್ ಬಂದಿತು, ಅದರ ಹಿಂದೆ ಕಂಪ್ಯೂಟರು, ಅದರ ಬೆನ್ನಿಗೇ ಆಟಗಳು.

ನಾವು ಹೊಕ್ಕುದು ಹಳೆಯ ಆಟಗಳನ್ನು ಮಾರುವ ಒಂದು ಅಂಗಡಿ. ಮೆಟ್ಟಿಲು ಇಕ್ಕಟ್ಟು, ಗಾಳಿಯಲ್ಲಿ ಹಳೆಯ ಪ್ಲಾಸ್ಟಿಕ್ಕಿನ ವಾಸನೆ. ಅಳಿಯನ ಕಚೇರಿಯ ಜಪಾನೀ ಮಿತ್ರರೊಬ್ಬರು ಅಲ್ಲಿ ಕಾದಿದ್ದರು. ಕಪಾಟಿನಲ್ಲಿ ಬಿಳಿ ಮತ್ತು ಕಡುಗೆಂಪು ಬಣ್ಣದ ಒಂದು ಯಂತ್ರವನ್ನು ತೋರಿಸಿದರು. ನಿಂಟೆಂಡೋ ಕಂಪೆನಿಯವರ ಫ್ಯಾಮಿಕಾಂ. 1983ನೆಯ ಜುಲೈ 15ರಂದು 14,800 ಯೆನ್ ಬೆಲೆಗೆ ಹೊರಬಂದುದು. ಸೇಗಾ ಕಂಪೆನಿಯವರು ತಮ್ಮ ಮೊದಲ ಮನೆಯಂತ್ರವನ್ನು ಮಾರಾಟಕ್ಕೆ ತಂದುದೂ ಅದೇ ದಿನವೇ. ಜಗಳವೂ ಅಂದೇ ಹುಟ್ಟಿತೆನ್ನಬಹುದು.

ಮಿತ್ರರು ಸೇಗಾ ಪಕ್ಷದವರು. ಆ ಕಂಪೆನಿ 2001ರಲ್ಲಿ ಯಂತ್ರಗಳ ತಯಾರಿಕೆಯನ್ನೇ ಕೈಬಿಟ್ಟಿತು. ಆದರೂ ಅವರ ನಿಷ್ಠೆ ಕುಂದಿಲ್ಲ. ಅಳಿಯನದು ನಿಂಟೆಂಡೋ ಪಕ್ಷ. ಚಿತ್ರ ಯಾವುದರಲ್ಲಿ ಚೆನ್ನ, ಧ್ವನಿ ಯಾವುದರಲ್ಲಿ ಚೆನ್ನ ಎಂದು ನಮ್ಮಲ್ಲಿ ಸಂಗೀತದ ಬಾನಿಗಳನ್ನು ಹಿಡಿದು ವಾದಿಸುವವರಂತೆಯೇ ವಾದಿಸಿದರು. ಸೋನಿಯವರ ಪ್ಲೇಸ್ಟೇಷನ್ ಇದ್ದ ಸಾಲಿಗೆ ಬಂದಾಗ ಮಾತ್ರ ಇಬ್ಬರೂ ಒಂದಾಗಿಬಿಟ್ಟರು. ಸೋನಿಯವರು ಮೊದಲು ನಿಂಟೆಂಡೋ ಯಂತ್ರಕ್ಕೇ ಸಿ.ಡಿ. ಭಾಗವನ್ನು ಮಾಡಿಕೊಡುವವರಿದ್ದರಂತೆ. 1991ರಲ್ಲಿ ನಿಂಟೆಂಡೋದವರು ಫಿಲಿಪ್ಸ್ ಕಂಪೆನಿಯೊಡನೆ ಕೂಡಿಕೊಂಡುದಾಗಿ ಸಾರಲು, ಸೋನಿಯವರು 1994ರ ಡಿಸೆಂಬರಿನಲ್ಲಿ ಸ್ವಂತ ಯಂತ್ರವನ್ನೇ ತಂದು ಇಬ್ಬರನ್ನೂ ಹಿಂದಿಕ್ಕಿದರು. ಮನೆಗೆ ಎರಡು ಯಂತ್ರ ಕೊಳ್ಳುವ ಶಕ್ತಿ ಎಷ್ಟು ತಂದೆತಾಯಿಗಳಿಗೆ ಇದ್ದೀತು? ಕೊಳ್ಳುವುದು ಒಂದು, ಕೊಂಡುದೇ ಶ್ರೇಷ್ಠವೆಂದು ಮಗು ಶಾಲೆಯಲ್ಲಿ ಸಾಧಿಸಬೇಕು. ಪಕ್ಷಗಳು ಹುಟ್ಟುವುದು ಹೀಗೆಯೇ ಎಂದು ನನಗೆ ತೋರಿತು.

ಮೂಲೆಯಲ್ಲಿ ಫಾಮಿತ್ಸು ಎಂಬ ಪತ್ರಿಕೆಯ ಹಳೆಯ ಸಂಚಿಕೆಗಳಿದ್ದುವು. ಅದರಲ್ಲಿ ಪ್ರತಿ ಆಟಕ್ಕೂ ನಾಲ್ವರು ವಿಮರ್ಶಕರು ತಲಾ ಹತ್ತರೊಳಗೆ ಅಂಕ ಕೊಡುವರು. ಪೂರ್ಣ 40 ಮೊದಲು ದೊರೆತುದು 1998ರಲ್ಲಿ, ಜೆಲ್ಡಾ ಮಾಲೆಯ ಒಂದು ಆಟಕ್ಕೆ. ಆಟ ಮಾಡುವವರ ಜಾಹಿರಾತನ್ನು ಅಚ್ಚುಹಾಕುವ ಪತ್ರಿಕೆಯ ಅಂಕವನ್ನು ನಂಬಬಹುದೆ ಎಂದು ಅಳಿಯನು ಕೆಣಕಿದನು. ಅಂಕವನ್ನು ಬಿಟ್ಟು ಅದರ ಕೆಳಗಿನ ಸಾಲುಗಳನ್ನು ಓದಬೇಕೆಂದು ಮಿತ್ರರ ಉತ್ತರ. ನಮ್ಮ ಕನ್ನಡ ಪತ್ರಿಕೆಗಳ ಪುಸ್ತಕ ವಿಮರ್ಶೆಯಲ್ಲಿ ಅಂಕಗಳಿಲ್ಲದಿರುವುದು ನನಗೆ ಸಮಾಧಾನದ ಸಂಗತಿಯಾಗಿ ಕಂಡಿತು. ಸಾಲುಗಳ ಮಾತು ಬೇರೆ.

ಮುಂದಿನ ಸಾಲಿನಲ್ಲಿ ಬಣ್ಣಬಣ್ಣದ ಕ್ಯಾಸೆಟ್ಟುಗಳು. ನಮ್ಮ ಮಕ್ಕಳು ಇದನ್ನು ಕ್ಯಾಸೆಟ್ ಎನ್ನುತ್ತಿದ್ದರಷ್ಟೆ. ಜಪಾನಿನವರೂ ‘ಕಸೆಟ್ಟೋ’ ಎನ್ನುವರು. ಅಳಿಯನು ಒಂದನ್ನು ತೆಗೆದು ನನ್ನ ಕೈಗಿತ್ತನು. ಕೊನಾಮಿಯವರು 1988ರಲ್ಲಿ ಫ್ಯಾಮಿಕಾಂ ಯಂತ್ರಕ್ಕೆ ತಂದ ಕಾಂಟ್ರಾ ಎಂಬ ಆಟ.

“ಮಾವ, ನೀವು ತಂದುಕೊಟ್ಟಿರಲ್ಲ, ಅದರ ಅಸಲು ಇದು” ಎಂದನು.

1996ರಲ್ಲಿ, ಅವನಿಗೆ ಎಂಟು ತುಂಬಿದಾಗ, ಮೆಜೆಸ್ಟಿಕ್ಕಿನ ಬಳಿಯ ಒಂದು ಸಂದಿಯಲ್ಲಿ ನಾನೊಂದು ಟಿ.ವಿ. ಆಟದ ಪೆಟ್ಟಿಗೆಯನ್ನು ಕೊಂಡಿದ್ದೆನು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿತ್ತು. ಎಣಿಸಿದರೆ ಹತ್ತಾರು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದುವು. ಆಟಗಳು ಕದ್ದುವು, ಪೆಟ್ಟಿಗೆಯೂ ಫ್ಯಾಮಿಕಾಮಿನ ನಕಲು. ಇದು ನನಗೆ ತಿಳಿದುದು ಆ ಅಂಗಡಿಯಲ್ಲಿ ನಿಂತಾಗ. ಆ ಪೆಟ್ಟಿಗೆಯ ಹುಚ್ಚಿನಿಂದಲೇ ಹುಡುಗನು ಕಂಪ್ಯೂಟರು ಕಲಿತನು; ಇಂದು ಆಟಗಳನ್ನು ಮಾಡುವ ಕಂಪೆನಿಯಲ್ಲಿಯೇ ಅವನ ಅನ್ನ.

ಮಿತ್ರರ ಮುಖ ಗಂಭೀರವಾಯಿತು. ನಕಲು ಆಟಗಳನ್ನು ನಡೆಸುವ ಆರ್-4 ಎಂಬ ಪುಟ್ಟ ಕಾರ್ಡು ಇದೇ ಪೇಟೆಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದುದನ್ನೂ, 2009ರ ಫೆಬ್ರವರಿಯಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯವು ಅದನ್ನು ತಡೆದುದನ್ನೂ ಹೇಳಿದರು. ನಕಲು ಮಾಡುವವನು ನಮ್ಮಿಬ್ಬರ ಸಂಬಳಕ್ಕೇ ಕೈಹಾಕಿದಂತೆ ಎಂದರು. ಅಳಿಯನು ಒಪ್ಪಲಿಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಹಳೆಯ ಆಟಗಳಲ್ಲಿ ನೂರಕ್ಕೆ 87ರಷ್ಟು ಇಂದು ಮಾರಾಟಕ್ಕೇ ಇಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ ಸಂಸ್ಥೆಯು 2023ರಲ್ಲಿ ತಿಳಿಸಿತು. ಅದೇ ವರ್ಷ ಮಾರ್ಚಿನಲ್ಲಿ ನಿಂಟೆಂಡೋದವರು ತಮ್ಮ ಎರಡು ಹಳೆಯ ಯಂತ್ರಗಳ ಅಂತರಜಾಲ ಅಂಗಡಿಯನ್ನು ಮುಚ್ಚಿದರು. “ಮಾರುವವರೇ ಮಾರದಿದ್ದರೆ ಉಳಿಸುವವರಾರು? ಈ ಅಂಗಡಿಯಲ್ಲಿ ಕೊಂಡರೂ ಮಾಡಿದವನಿಗೆ ಕಾಸು ಸೇರದಷ್ಟೆ” ಎಂದನು.

ಮಾತು ನಿಜವೇ. ಆಟದ ಕಂಪೆನಿಗಳು ಹಳೆಯ ಆಟಗಳ ಮಾರಾಟವನ್ನು ನಿಲ್ಲಿಸಲು ಜಪಾನಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದುವು. 2002ರ ಏಪ್ರಿಲಿನಲ್ಲಿ ಅವುಗಳಿಗೆ ಸೋಲಾಯಿತು. ಆದರೆ ಮಿತ್ರರು, ಮಾರಿದವನ ಬಳಿ ವಸ್ತುವು ಮತ್ತೆ ಇರದು, ಒಂದು ಎರಡಾಗದು, ಭೇದವು ಅಲ್ಲಿಯೇ ಇದೆ ಎಂದರು. ಇಬ್ಬರೂ ನನ್ನತ್ತ ನೋಡಿದರು. ಪಂಚಾಯಿತಿ ಹೇಳಲು ನನಗೆ ಬಾಯಿ ಬರಲಿಲ್ಲ. ಅಸಲು ಯಂತ್ರವನ್ನು ಕೊಳ್ಳುವ ಹಣ 1996ರಲ್ಲಿ ನನ್ನಲ್ಲಿರಲಿಲ್ಲ; ತಂದಿರದಿದ್ದರೆ ಹುಡುಗನು ಇಲ್ಲಿರುತ್ತಿದ್ದನೋ ಇಲ್ಲವೋ! ನಾನು ಆ ಕ್ಯಾಸೆಟ್ಟಿಗೆ ಬೆಲೆ ತೆತ್ತು ಕಟ್ಟಿಸಿಕೊಂಡೆನು. ಅಳಿಯನು ಬೇಡವೆಂದರೂ ಕೇಳಲಿಲ್ಲ.

ಮೈಸೂರಿಗೆ ಬಂದು ಅಕ್ಕನ ಮನೆಯ ಅಟ್ಟವನ್ನು ಹುಡುಕಿದಾಗ ಆ ಹಳೆಯ ಪೆಟ್ಟಿಗೆ ಸಿಕ್ಕಿತು. ಅಸಲು ಕ್ಯಾಸೆಟ್ಟು ನಕಲು ಪೆಟ್ಟಿಗೆಯ ಸೀಳಿನಲ್ಲಿ ಸರಿಯಾಗಿ ಕುಳಿತಿತು. ಜೋಡಿಸಲು ಹಳೆಯ ಟಿ.ವಿ. ಮಾತ್ರ ಇರಲಿಲ್ಲ. ಅಕ್ಕ ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, “ಇದರಲ್ಲಿ ಎಷ್ಟು ಆಟಗಳಿವೆಯೋ?” ಎಂದು ಕೇಳಿದಳು.

“ಒಂದೇ” ಎಂದೆನು.

“ಅಷ್ಟು ದೂರ ಹೋಗಿ ಮೋಸಹೋದೆಯಾ!” ಎಂದಳು.