ನಾಲ್ಕು ಎಂಎಂ ಪೈಪು

ಇಲ್ಲಿ ಏನೂ ಬರೆಯದೆ ತಿಂಗಳುಗಳೇ ಆಗಿಹೋದವು. ಈ ಸಲ ಮಾತ್ರ ಸೋಮಾರಿತನ ಕಾರಣ ಅಲ್ಲ :-) ಅಪ್ಪಾಜಿಗೆ ಬೈಪಾಸ್ ಆಯಿತು. ಈಗ ಆರಾಮಾಗಿದ್ದಾರೆ. ಬೆಣ್ಣೆ ದೋಸೆ ಬಂದ್ ಆಗಿದೆ ಅನ್ನೋದೊಂದೇ ಅವರ ದುಃಖ. ದಾವಣಗೆರೆಯಲ್ಲಿ ಇದ್ದುಕೊಂಡು ಬೆಣ್ಣೆ ದೋಸೆ ಬಿಡಿ ಅಂದರೆ ಹೇಗೆ ಹೇಳಿ!

ಅಪ್ಪಾಜಿ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾದ ಲೇಥ್ ಕಾರ್ಖಾನೆ ಅದು. ಅದು ಬಾಗಿಲು ಹಾಕಿದ ಮೇಲೆ ದಾವಣಗೆರೆಯ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಮತ್ತೆ ಲೇಥ್ ಮುಂದೆಯೇ ನಿಂತರು. ಮೂವತ್ತು ವರ್ಷಕ್ಕೂ ಹೆಚ್ಚು ನಿಂತೇ ಕೆಲಸ. ಅವರ ಎರಡೂ ಕಾಲಿನಲ್ಲಿ ನೀಲಿ ನರಗಳು ಸುರುಳಿ ಸುತ್ತಿಕೊಂಡು ಉಬ್ಬಿರುವುದನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೆ. ವೆರಿಕೋಸ್ ವೇಯ್ನ್ಸ್. ಅದೊಂದು ಕಾಯಿಲೆ ಅಂತ ನಮಗ್ಯಾರಿಗೂ ಅನ್ನಿಸಿರಲೇ ಇಲ್ಲ.

ಬೈಪಾಸ್‌ಗೆ ಸಾಮಾನ್ಯವಾಗಿ ಕಾಲಿನಿಂದಲೇ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುತ್ತಾರೆ. ಡಾಕ್ಟರು ಅಪ್ಪಾಜಿಯ ಕಾಲು ನೋಡಿ "ಇವು ಪ್ರಯೋಜನಕ್ಕಿಲ್ಲ" ಅಂದುಬಿಟ್ಟರು. ಒಂದು ನಾಳವೇನೋ ಎದೆಯೊಳಗಿಂದಲೇ ಸಿಗುತ್ತೆ. ಇನ್ನೊಂದು? ಎಡಗೈಯಿಂದ. ಮಣಿಕಟ್ಟಿನ ಎರಡೂ ರಕ್ತನಾಳ ಒತ್ತಿ ಹಿಡಿದು, ಅಂಗೈ ಬೆಳ್ಳಗಾದ ಮೇಲೆ ಒಂದನ್ನು ಮಾತ್ರ ಬಿಟ್ಟು ನೋಡಿದರು. ಉಳಿಯುವ ಆ ಒಂದೇ ನಾಳ ಕೈಯನ್ನು ಸಾಕುತ್ತದಾ ಅಂತ ಪರೀಕ್ಷೆ. ಅಂಗೈ ಮತ್ತೆ ಕೆಂಪಗಾಗುವವರೆಗೆ ನಾನು ಉಸಿರು ಬಿಡಲಿಲ್ಲ. ಅದೂ ಆಗಲ್ಲ ಅಂದಿದ್ದರೆ ಮುಂದೇನು?

ಆಪರೇಶನ್ನಿನ ಹಿಂದಿನ ರಾತ್ರಿ ಅಪ್ಪಾಜಿ ಕೇಳಿದರು, "ಏನಲೇ, ನಾವು ಮೈಕ್ರಾನ್ ಲೆಕ್ಕದಾಗ ಬೋರ್ ಹೊಡಿತಿದ್ವಿ. ಇವರಿಗೆ ಒಂದು ನಾಲ್ಕು ಎಂಎಂ ಪೈಪ್ ಮಾಡಾಕೆ ಬರಲ್ವೇನು? ನನ್ನ ಕೈಯಿಂದಾನೇ ಕೀಳ್ಬೇಕಾ?"

ಇಂಜಿನಿಯರ್ ಮಗ ನಾನು, ಬಾಯಿ ಮುಚ್ಚಿಕೊಂಡು ಕೂತೆ. ಆಮೇಲೆ ಐಸಿಯು ಹೊರಗೆ ಕಾಯುತ್ತಾ ಓದಿದ್ದೇ ಓದಿದ್ದು.

ದೊಡ್ಡ ಪೈಪು ಎಂದೋ ಆಗಿದೆ. 1950ರ ದಶಕದಲ್ಲೇ ಮೈಕೆಲ್ ಡಿಬೇಕಿ ಅನ್ನುವ ಅಮೆರಿಕದ ಸರ್ಜನ್ ಹೆಂಡತಿಯ ಹೊಲಿಗೆ ಮಿಶನ್ನಿನಲ್ಲಿ ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿದರಂತೆ. ಡೇಕ್ರಾನ್ ಅಂದರೆ ನಾವು ತೊಡುವ ಪಾಲಿಯೆಸ್ಟರೇ! ಮಹಾಧಮನಿಯಂಥ ದಪ್ಪ ನಾಳಕ್ಕೆ ಅದು ನಡೆಯುತ್ತೆ, ಅಲ್ಲಿ ರಕ್ತ ರಭಸವಾಗಿ ನುಗ್ಗುತ್ತದೆ. ಆರು ಎಂಎಂಗಿಂತ ಸಣ್ಣದಾದರೆ ಮಾತ್ರ ಕಷ್ಟ. ರಕ್ತಕ್ಕೆ ಹೊರಗಿನ ವಸ್ತು ತಾಕಿದರೆ ಹೆಪ್ಪುಗಟ್ಟುತ್ತೆ, ಸಣ್ಣ ಕೊಳವೆ ಬೇಗ ಕಟ್ಟಿಕೊಳ್ಳುತ್ತೆ. ನಮ್ಮ ನಾಳಗಳ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಅಸ್ತರಿ ಇದೆ, ಎಂಡೋಥೀಲಿಯಮ್ ಅಂತ. ಅದು ನೈಟ್ರಿಕ್ ಆಕ್ಸೈಡ್‌ನಂಥವನ್ನು ಬಿಡುತ್ತಾ ರಕ್ತ ಹೆಪ್ಪುಗಟ್ಟದಂತೆ ಸದಾ ಕಾಯುತ್ತಿರುತ್ತದೆ. ಲೇಥ್‌ನಲ್ಲಿ ಎಷ್ಟು ನುಣುಪು ಮಾಡಿದರೂ ಈ ಕಾವಲು ಬರುವುದಿಲ್ಲ.

ಹಾಗಾಗಿ ವಿಜ್ಞಾನಿಗಳು ಉಲ್ಟಾ ಯೋಚಿಸಿದರು. ಉಳಿಯುವ ಪೈಪು ಬೇಡ, ಕರಗಿಹೋಗುವ ಪೈಪು ಮಾಡೋಣ. ಪಾಲಿಕ್ಯಾಪ್ರೊಲ್ಯಾಕ್ಟೋನ್‌ನಂಥ ಪಾಲಿಮರನ್ನು ಹೈವೋಲ್ಟೇಜಿನಲ್ಲಿ ಕೂದಲಿಗಿಂತ ತೆಳು ಎಳೆಯಾಗಿ ನೂತು ಕೊಳವೆ ಮಾಡುವುದು. ಮೊದಲ ದಿನಗಳಲ್ಲಿ ಹೆಪ್ಪುಗಟ್ಟದಿರಲಿ ಅಂತ ಒಳಗೆ ಹೆಪಾರಿನ್ ಅಂಟಿಸುವುದು. ದೇಹದ ಕೋಶಗಳು ಅದರ ಮೇಲೆ ಬಂದು ನೆಲೆಸಿ ತಮ್ಮದೇ ಗೋಡೆ ಕಟ್ಟುತ್ತಾ ಹೋದಂತೆ ಪಾಲಿಮರು ಕರಗುತ್ತಾ ಹೋಗಬೇಕು.

1999ರಲ್ಲಿ ಲಾರಾ ನಿಕ್ಲಾಸನ್ ತಂಡ ಕರಗುವ ಜಾಲರಿಯ ಮೇಲೆ ಲ್ಯಾಬಿನಲ್ಲೇ ರಕ್ತನಾಳ ಬೆಳೆಸಿ ಹಂದಿಗಳಿಗೆ ಕಸಿ ಮಾಡಿತು. ಅದೇ ದಾರಿಯಲ್ಲಿ ಬಂದ ಸಿಮ್‌ವೆಸ್ ಅನ್ನುವ ನಾಳಕ್ಕೆ ಅಮೆರಿಕದ ಎಫ್‌ಡಿಎ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಜಾಲರಿ ಕರಗಿದ ಮೇಲೆ ಕೋಶಗಳನ್ನೂ ತೊಳೆದುಬಿಡುತ್ತಾರೆ, ಅವು ಕಟ್ಟಿದ ಗೋಡೆಯಷ್ಟೇ ಉಳಿಯುತ್ತದೆ. ಆದರೆ ಅದು ಆರು ಎಂಎಂ, ಒಪ್ಪಿಗೆ ಸಿಕ್ಕಿರುವುದು ಕೈಕಾಲಿನ ರಕ್ತನಾಳಕ್ಕೆ ಪೆಟ್ಟಾದವರಿಗೆ. ನಾಳ ಒಡೆಯಬಹುದು ಅನ್ನುವ ಎಚ್ಚರಿಕೆಯೂ ಜೊತೆಗಿದೆ. ಅಪ್ಪಾಜಿಯ ಹೃದಯದ ಅಳತೆಗೆ ಇನ್ನೂ ಕಾಯಬೇಕು.

ಮನೆಗೆ ಬಂದ ಮೇಲೆ ಅಪ್ಪಾಜಿಗೆ ಇದನ್ನೆಲ್ಲ ಹೇಳಿದೆ. "ನಮ್ಮನೆ ಸ್ಲ್ಯಾಬ್ ಹಾಕಿದಾಗ ಸೆಂಟ್ರಿಂಗ್ ಹೊಡೆದಿದ್ರಲ್ಲ, ಹಂಗೆ ಅಪ್ಪಾಜಿ. ಕಾಂಕ್ರೀಟ್ ಗಟ್ಟಿಯಾಗೋವರೆಗೂ ಅದು ಇರಬೇಕು, ಆಮೇಲೆ ಇರಬಾರದು."

ಸ್ವಲ್ಪ ಹೊತ್ತು ಯೋಚಿಸಿ ಅಂದರು, "ಬೇಗ ಬಿಚ್ಚಿದ್ರೆ ಸ್ಲ್ಯಾಬ್ ಬೀಳ್ತೈತಿ. ಹಂಗಾರೆ ಪೈಪಿಂದಲ್ಲಲೇ ಕಷ್ಟ, ಟೈಮಿಂಗಿಂದು."

ಹತ್ತಾರು ಪುಟ ಓದಿ ನಾನು ತಿಳಿದುಕೊಂಡಿದ್ದೂ ಅಷ್ಟೇ! ಬೇಗ ಕರಗಿದರೆ ನಾಳ ಉಬ್ಬಿ ಒಡೆಯುತ್ತೆ, ತಡವಾದರೆ ದೇಹ ಅದರ ಜೊತೆ ಜಗಳಕ್ಕೆ ನಿಂತು ಗಾಯದಂತೆ ದಪ್ಪಗಾಗಿ ದಾರಿ ಮುಚ್ಚುತ್ತೆ. ಅದೂ ಒಬ್ಬೊಬ್ಬರ ದೇಹದಲ್ಲಿ ಒಂದೊಂದು ವೇಗ.

ಅಪ್ಪಾಜಿಯ ಎಡಗೈ ಹೆಬ್ಬೆರಳ ಬುಡ ಇನ್ನೂ ಜೋಮು ಹಿಡಿದ ಹಾಗಿದೆಯಂತೆ. ಟೀ ಲೋಟ ಬಲಗೈಯಲ್ಲೇ ಹಿಡಿಯುತ್ತಾರೆ.

ನಿಮ್ಮ ಮನೆಯಲ್ಲೂ ದಿನವಿಡೀ ನಿಂತು ಕೆಲಸ ಮಾಡುವವರು ಇದ್ದಾರಾ? ಇವತ್ತು ಸಂಜೆ ಒಮ್ಮೆ ಅವರ ಕಾಲು ನೋಡಿ. ನಾನು ಇಪ್ಪತ್ತು ವರ್ಷ ನೋಡಿಯೂ ನೋಡಿರಲಿಲ್ಲ.